ಅತ್ತಿಗೆಯ ಎಡಗಿವಿ

ಹೋದ ವಾರ ಸಂಜೆ ಪಕ್ಕದ ಮನೆಯಿಂದ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ ಬಂತು. ಒಗ್ಗರಣೆಯ ವಾಸನೆಯಲ್ಲ. ಒಗ್ಗರಣೆಯಾದರೆ ಸಾಸಿವೆ ಸಿಡಿಯುತ್ತದೆ, ಕರಿಬೇವು ಬೀಳುತ್ತದೆ. ಇದು ಎಳ್ಳೆಣ್ಣೆಯಲ್ಲಿ ಒಂದೇ ಎಸಳು ಬೆಳ್ಳುಳ್ಳಿ ಸಣ್ಣ ಉರಿಯ ಮೇಲೆ ಮೆಲ್ಲಗೆ ಕಪ್ಪಾಗುವ ವಾಸನೆ. ಕಿವಿಗೆ ಬಿಡುವ ಎಣ್ಣೆ ಎಂದು ತಕ್ಷಣ ಗೊತ್ತಾಯಿತು. ಎದ್ದು ಕಾಂಪೌಂಡಿನ ಹತ್ತಿರ ಹೋದೆ. ಆ ಮನೆಯ ಸೊಸೆ ಸೌಟಿನಲ್ಲಿ ಎಣ್ಣೆ ಹಿಡಿದು ಊದಿ ಆರಿಸುತ್ತಿದ್ದಳು. ಮಗು ಕಿವಿ ಮುಚ್ಚಿಕೊಂಡು ಅವಳ ಸೀರೆಗೆ ಅಂಟಿಕೊಂಡಿತ್ತು.

"ಬೇಡಮ್ಮ, ಒಂದ್ಸಲ ಡಾಕ್ಟ್ರಿಗೆ ತೋರ್ಸು" ಎಂದೆ.

"ರೆಂಡು ಚುಕ್ಕಲೇ ಕದಾ ತಾತಾ! ಎರಡು ಹನಿಗೆ ಏನಾಗ್ತದೆ?" ಎಂದು ನಕ್ಕಳು.

ಎರಡು ಹನಿಗೆ ಏನಾಗುತ್ತದೆ ಎಂಬುದನ್ನು ಹಿಂದೂಪುರದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಾರರು. ಒಳಗೆ ಬಂದು ದೀಪ ಹಾಕದೆ ಕುಳಿತೆ. ಅತ್ತಿಗೆ ನೆನಪಾದರು. ನೆನಪಾದರು ಎಂದರೆ ಸುಳ್ಳಾಗುತ್ತದೆ, ಮರೆತಿದ್ದರೆ ತಾನೆ...

ಅತ್ತಿಗೆ ಬೆಳುಗುಪ್ಪದವರು. ನಾನು ಹೈಸ್ಕೂಲು ಮುಗಿಸಿದ ವರ್ಷ ಅಣ್ಣನನ್ನು ಮದುವೆಯಾಗಿ ಕಲ್ಯಾಣದುರ್ಗದ ನಮ್ಮ ಮನೆಗೆ ಬಂದರು. ನಮ್ಮದು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಿರಾಣಿ ಅಂಗಡಿ; ಅಂಗಡಿಯ ಹಿಂದೆಯೇ ಮನೆ. ಬಂದ ಹೊಸದರಲ್ಲಿ ಅವರು ಹಬ್ಬವಿರಲಿ ಇಲ್ಲದಿರಲಿ, ಎರಡೂ ಕಿವಿಯ ಮೇಲೆ ಮರುಗ ಮುಡಿಯುತ್ತಿದ್ದರು. ಹೊಸ ಮದುವಣಗಿತ್ತಿಯ ಷೋಕಿ ಎಂದುಕೊಂಡಿದ್ದೆವು. ಆಮೇಲೆ ತಿಳಿಯಿತು: ಅವರ ಎರಡೂ ಕಿವಿ ಚಿಕ್ಕಂದಿನಿಂದ ಸೋರುತ್ತಿದ್ದವು. ಆ ವಾಸನೆ ಯಾರಿಗೂ ತಟ್ಟಬಾರದೆಂದು ಮರುಗ. ಮದುವೆಯ ಹೊತ್ತಿಗೆ ಅಷ್ಟಿಷ್ಟು ಕೇಳಿಸುತ್ತಿತ್ತು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ, ಹತ್ತಿರ ನಿಂತು ಕೂಗಿದರೆ ಮಾತ್ರ ತಿರುಗಿ ನೋಡುವಂತಾಯಿತು.

ಮನೆಯಲ್ಲಿ ಯಾರೂ ಅವರನ್ನು ಹೀಯಾಳಿಸಲಿಲ್ಲ. ನಮ್ಮವ್ವನಂತೂ ಪ್ರತಿ ಶನಿವಾರ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆಳ್ಳುಳ್ಳಿ ಎಣ್ಣೆ ಬೆಚ್ಚಗೆ ಮಾಡಿ ಬಿಡುತ್ತಿದ್ದಳು. ಹೆತ್ತ ಮಗಳಿಗೂ ಅಷ್ಟು ಮಾಡುತ್ತಿರಲಿಲ್ಲವೇನೋ. ಆದರೆ ಅತ್ತಿಗೆಯ ಕೊರಗು ಬೇರೆ ಇತ್ತು. ಒಮ್ಮೆ ನನ್ನ ಹತ್ತಿರ ಹೇಳಿದ್ದರು.

"ನೀವೆಲ್ಲ ನಂಗೆ ಕೂಗಿ ಕೂಗಿ ಹೇಳ್ತೀರಪ್ಪ, ಇಲ್ಲ ಅನ್ನಾಕಿಲ್ಲ. ಉಂಡ್ಯಾ, ನೀರ್ ಬಂತು, ಕದ ಹಾಕು. ಬೇಕಾದ್ ಮಾತೆಲ್ಲ ಕೂಗ್ತೀರ. ಬೇಡದ್ ಮಾತು ಯಾರಾನಾ ಕೂಗಿ ಹೇಳ್ತಾರಾ? ನಂಗೆ ಆ ಬೇಡದ್ ಮಾತು ಕೇಳ್ಬೇಕು ಅನ್ನಿಸ್ತದೆ ಕಣಪ್ಪ."

ಆ ಮಾತು ನಿಜವಾಗಿತ್ತು. ಎದುರು ಮನೆಯ ಜಗಳ, ಅಂಗಡಿಗೆ ಬಂದವನ ಹುಚ್ಚಾಟ, ಯಾರೋ ಯಾರನ್ನೋ ನೋಡಿ ನಕ್ಕಿದ್ದು, ಇದನ್ನೆಲ್ಲ ಯಾರೂ ಗಂಟಲು ಹರಿದುಕೊಂಡು ಹೇಳುವುದಿಲ್ಲ. ನಾವು ಪಡಸಾಲೆಯಲ್ಲಿ ಕುಳಿತು ನಗುತ್ತಿದ್ದರೆ ಅತ್ತಿಗೆ ಎಲ್ಲರ ಮುಖ ನೋಡಿ ತಾವೂ ನಗುತ್ತಿದ್ದರು, ನಮಗಿಂತ ಸ್ವಲ್ಪ ತಡವಾಗಿ. "ಯಾಕೆ ನಕ್ಕಿದ್ದು?" ಎಂದು ಕೇಳಿದರೆ, "ಏನಿಲ್ಲ ಬಿಡು" ಎಂದು ಕೈಯಾಡಿಸುತ್ತಿದ್ದೆವು.

ಅಷ್ಟರಲ್ಲಿ ನಾನು ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನಿಂದ ಒಬ್ಬ ಕಿವಿ ಡಾಕ್ಟರು ಹದಿನೈದು ದಿನಕ್ಕೊಮ್ಮೆ, ಭಾನುವಾರ, ಒಂದು ಸಣ್ಣ ನರ್ಸಿಂಗ್ ಹೋಮಿಗೆ ಬರುತ್ತಿದ್ದರು. ಆಪರೇಷನ್ ಮಾಡುವ ಮೈಕ್ರೋಸ್ಕೋಪನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತರುತ್ತಿದ್ದರು. ಮಂಡಿ ಯಜಮಾನರ ತಾಯಿಗೆ ಅವರೇ ಕಿವಿ ಸರಿಮಾಡಿದ್ದರು. ಆ ಅಜ್ಜಿ ಮಾಳಿಗೆಯ ಮೇಲಿಂದ ಮಂಡಿಯ ಮಾತೆಲ್ಲ ಕೇಳಿಸಿಕೊಂಡು ಜಗಳಕ್ಕೆ ಬರುವುದನ್ನು ನೋಡಿ ನನಗೆ ಅತ್ತಿಗೆಯ ಯೋಚನೆ ಬಂತು.

ಊರಿಗೆ ಹೋಗಿ ಹೇಳಿದರೆ ಅವ್ವ ಒಪ್ಪಲಿಲ್ಲ.

"ಸೋರೋ ಕಿವಿ ನಿಲ್ಲಿಸ್ಬಾರ್ದು ಕಣ್ಲಾ. ಒಳಗೇ ನಿಂತ್ಕಂಡ್ರೆ ತಲೆಗೆ ಏರ್ತದೆ. ನಮ್ಮ ಕಾಲದಾಗೆ ಎಷ್ಟ್ ಜನ ನೋಡಿಲ್ಲ?"

ಅಣ್ಣ ತಕ್ಕಡಿಯಿಂದ ಕಣ್ಣೆತ್ತದೆ ಅಂದ: "ಒಂದ್ಸಲ ತೋರಿಸ್ಕಂಡ್ ಬರ್ಲಿ ಬಿಡವ್ವ. ಕೂಗಿ ಕೂಗಿ ನನ್ ಗಂಟ್ಲೂ ಹೋಗ್ತಾ ಐತೆ."

ಹಾಗೆ ಅತ್ತಿಗೆ ಮೂರು ವರ್ಷದ ಮಗನನ್ನು ಅವ್ವನ ಹತ್ತಿರ ಬಿಟ್ಟು ಹಿಂದೂಪುರಕ್ಕೆ ಬಂದರು. ಡಾಕ್ಟರು ಹಣೆಗೆ ತೂತಿನ ಕನ್ನಡಿ ಕಟ್ಟಿಕೊಂಡು ಎರಡೂ ಕಿವಿ ನೋಡಿದರು. ಹತ್ತಿ ಸುತ್ತಿದ ಕಡ್ಡಿಯಿಂದ ಮೆಲ್ಲಗೆ ಒರೆಸಿದರು. ಮೊದಲು ಒಣಗಬೇಕು ಎಂದು ಔಷಧಿ ಕೊಟ್ಟು ಕಳಿಸಿದರು. ಎಡಗಿವಿ ಒಣಗಿದ ಮೇಲೆ, ಮೂರನೆಯ ಸಲ ಹೋದಾಗ, ಕವಲಿನಂಥ ಒಂದು ಉಕ್ಕಿನ ಕಡ್ಡಿಯನ್ನು ಮೊಣಕೈಗೆ ಬಡಿದು ಕಿವಿಯ ಮುಂದೆ ಹಿಡಿದರು. ಅತ್ತಿಗೆ ಇಲ್ಲವೆಂದು ತಲೆಯಾಡಿಸಿದರು. ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಅತ್ತಿಗೆಯ ಕಣ್ಣು ದೊಡ್ಡದಾಯಿತು.

"ಗುಂಯ್ ಅಂತೈತೆ!" ಎಂದು ಕೂಗಿಯೇ ಬಿಟ್ಟರು.

ಡಾಕ್ಟರು ನನಗೆ ಬಿಡಿಸಿ ಹೇಳಿದರು. ಒಳಗಿನ ನರ ಚೆನ್ನಾಗಿದೆ. ಶಬ್ದ ಹೋಗುವ ದಾರಿ ಕೆಟ್ಟಿದೆ, ಕಿವಿಯ ತಮಟೆಯಲ್ಲಿ ತೂತು ಬಿದ್ದಿದೆ. ಆಮೇಲೆ ಅವರು ಸಿಗರೇಟು ಸುತ್ತುವ ತೆಳು ಕಾಗದದಲ್ಲಿ ಅಕ್ಕಿ ಕಾಳಿನಷ್ಟು ಚೂರು ಕತ್ತರಿಸಿ, ತೇವ ಮಾಡಿ, ಕಿವಿಯೊಳಗೆ ಆ ತೂತಿನ ಮೇಲೆ ಇಟ್ಟರು. ನನ್ನ ಕಡೆ ತಿರುಗಿ, "ಈಗ ಸಾಧಾರಣವಾಗಿ ಮಾತಾಡಿ" ಎಂದರು.

ಏನು ಮಾತಾಡುವುದು? ಐದಾರು ವರ್ಷದಿಂದ ಅತ್ತಿಗೆಯ ಹತ್ತಿರ ನಾನು ಸಾಧಾರಣವಾಗಿ ಮಾತಾಡಿಯೇ ಇರಲಿಲ್ಲ. ತಡವರಿಸಿ, "ಅತ್ಗಮ್ಮ, ಕೇಳಿಸ್ತದಾ?" ಎಂದೆ.

ಅತ್ತಿಗೆ ನನ್ನನ್ನೇ ನೋಡಿದರು. "ನಿನ್ ದನಿ ಇಷ್ಟ್ ಮೆತ್ಗೈತಾ?" ಎಂದರು. "ನಾನೇನೋ ನೀನು ದೊಡ್ಡ ಗಂಟಲೋನು ಅಂದ್ಕಂಡಿದ್ದೆ."

ಡಾಕ್ಟರು ನಕ್ಕು ಕಾಗದದ ಚೂರನ್ನು ಚಿಮಟದಿಂದ ತೆಗೆದರು. ತೆಗೆದ ಕೂಡಲೇ ಅತ್ತಿಗೆ ಅವರ ಕೈ ಹಿಡಿದುಕೊಂಡುಬಿಟ್ಟರು, "ಇರ್ಲಿ ಬುಡಿ ಸೋಮಿ, ಇರ್ಲಿ" ಎಂದು. ಕಾಗದ ನಿಲ್ಲುವುದಿಲ್ಲ, ನಿಮ್ಮ ಮೈಯದೇ ಪೊರೆ ತೆಗೆದು ಹಾಕುತ್ತೇವೆ, ಎಡಗಿವಿಗೆ ಮೊದಲು, ಅದು ಹಿಡಿದರೆ ಮುಂದೆ ಬಲಗಿವಿಗೂ, ಎಂದರು ಡಾಕ್ಟರು. ಅದನ್ನು ನಾನು ಕೂಗಿ ಹೇಳಿದೆ.

ಆಪರೇಷನ್ ದಿನ ಅಣ್ಣ ಬಂದಿದ್ದ. ಅತ್ತಿಗೆಗೆ ಪ್ರಜ್ಞೆ ತಪ್ಪಿಸದೆ, ಸೂಜಿ ಚುಚ್ಚಿ ಕಿವಿ ಮಾತ್ರ ಮರಗಟ್ಟಿಸಿ ಮಾಡುವುದೆಂದು ಡಾಕ್ಟರು ನಿರ್ಧರಿಸಿದ್ದರು. ತೊಂದರೆ ಏನೆಂದರೆ, ಅಲುಗಬೇಡಿ ಎಂದರೆ ಅವರಿಗೆ ಕೇಳಿಸುವುದಿಲ್ಲ, ಕೂಗಿದರೆ ಬೆಚ್ಚುತ್ತಾರೆ. ಅದಕ್ಕೆ ಡಾಕ್ಟರು ಒಂದು ಉಪಾಯ ಮಾಡಿದರು. ಮನೆಯವರೊಬ್ಬರು ಗೌನು ಹಾಕಿಕೊಂಡು, ಹೊದಿಕೆಯ ಕೆಳಗೆ ಅತ್ತಿಗೆಯ ಕೈ ಹಿಡಿದು ಕೂರಬೇಕು. ಡಾಕ್ಟರು ಹೇಳಿದಾಗ ಒತ್ತಬೇಕು. ಒತ್ತಿದರೆ ಉಸಿರೂ ಅಲುಗಬಾರದು, ಬಿಟ್ಟರೆ ಎಂಜಲು ನುಂಗಬಹುದು. ಅಣ್ಣ ಕೂರುವುದೆಂದಾಗಿತ್ತು. ಆದರೆ ನರ್ಸಮ್ಮ ಕಿವಿಯ ಸುತ್ತ ಕೂದಲು ಬೋಳಿಸುವಾಗ ಸ್ವಲ್ಪ ರಕ್ತ ಬಂದದ್ದು ನೋಡಿಯೇ ಅಣ್ಣ ಗೋಡೆಗೆ ಒರಗಿ ಕೆಳಗೆ ಕುಳಿತ. ಅವನಿಗೆ ಸೋಡ ಕುಡಿಸಿ ಹೊರಗೆ ಕೂರಿಸಿ, ನನ್ನನ್ನು ಒಳಗೆ ಕರೆದರು.

ಎಷ್ಟು ಹೊತ್ತು ಕುಳಿತಿದ್ದೆನೋ... ಕಿವಿಯ ಮೇಲ್ಗಡೆ ಸಣ್ಣದಾಗಿ ಕೊಯ್ದು, ಸ್ನಾಯುವಿನ ಮೇಲಿನ ಪೊರೆಯ ಒಂದು ತುಣುಕನ್ನು ತೆಗೆದರು. ಅದನ್ನು ಗಾಜಿನ ಮೇಲೆ ಹರಡಿ ದೀಪದ ಕೆಳಗೆ ಒಣಗಿಸಿದರು. ಒಣಗಿದ ಮೇಲೆ ಅದು ಕಡಲೆಬೀಜದ ಮೇಲಿನ ಸಿಪ್ಪೆಯ ಹಾಗೆ ಕಂಡಿತು, ಅಷ್ಟೇ ತೆಳ್ಳಗೆ. ಡಾಕ್ಟರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದರು. "ಹೂಂ" ಎಂದಾಗ ನಾನು ಕೈ ಒತ್ತುತ್ತಿದ್ದೆ. ಅತ್ತಿಗೆ ಕಲ್ಲಿನಂತೆ ಮಲಗುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ.

ಮುಗಿದ ಮೇಲೆ ಡಾಕ್ಟರು ಕೈತೊಳೆಯುತ್ತ ಅಂದರು: "ನಿಮ್ಮಂಥ ತಿಳಿದೋರು ಜೊತೆಗಿದ್ರೆ ಅರ್ಧ ಕೆಲಸ ಆದ ಹಾಗೆ. ಇನ್ನು ಎರಡು ತಿಂಗಳು ಆ ಕಿವಿ ಒಣಗಿರಬೇಕು. ತಲೆಗೆ ನೀರು ಬೇಡ, ಮೂಗು ಜೋರಾಗಿ ಸೀಟೋದು ಬೇಡ. ಎಣ್ಣೆಯ ಮಾತಂತೂ ಎತ್ತಲೇಬೇಡಿ. ಹಳ್ಳಿ ಕಡೆ ಜನಕ್ಕೆ ಎಷ್ಟು ಹೇಳಿದರೂ ಕಿವಿಗೆ ಎಣ್ಣೆ ಹಾಕಿಬಿಡ್ತಾರೆ. ನಿಮಗೆ ಬೇರೆ ಹೇಳಬೇಕಾಗಿಲ್ಲ."

ಆ ಹೊಗಳಿಕೆ ನನಗೆ ಎಷ್ಟು ಹಿತವಾಗಿತ್ತೆಂದರೆ, ಮಂಡಿಯಲ್ಲಿ ನಾಲ್ಕು ಜನರಿಗೆ ಹೇಳಿಕೊಂಡೆ.

ಎರಡು ವಾರ ಕಳೆದು ಡಾಕ್ಟರು ಬಂದಾಗ ಕಿವಿಯೊಳಗೆ ತುಂಬಿದ್ದನ್ನೆಲ್ಲ ತೆಗೆದು ಶುಚಿ ಮಾಡಿದರು. ಪೊರೆ ಕೂತಿದೆ, ಮೈ ಚೆನ್ನಾಗಿ ಒಪ್ಪಿದೆ ಎಂದರು. ಅವತ್ತೇ ಅತ್ತಿಗೆಯನ್ನು ಊರಿಗೆ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ತೆಲುಗಿನಲ್ಲಿ ಗುಸುಗುಸು ಮಾತಾಡಿಕೊಳ್ಳುತ್ತಿದ್ದರು. ಕಿವಿಯ ಸುತ್ತ ಬೋಳಾಗಿತ್ತಲ್ಲ, ಪಾಪ ಗಂಡ ಹೊಡೆದಿರಬೇಕು, ಈ ಪಕ್ಕದಲ್ಲಿ ಕೂತಿರುವವನನ್ನು ನೋಡಿದರೇ ಗೊತ್ತಾಗುತ್ತದೆ, ಎಂದು. ನಾನು ಬೇಸರದಿಂದ ಕಿಟಕಿಯಾಚೆ ನೋಡುತ್ತಿದ್ದೆ. ಅತ್ತಿಗೆ ನನ್ನ ತೋಳು ಚಿವುಟಿದರು. ಮುಖವೆಲ್ಲ ಬೆಳಗುತ್ತಿತ್ತು.

"ನನ್ ಬಗ್ಗೆನೇ ಗುಸುಗುಸು ಅಂತವ್ರೆ ಕಣಪ್ಪ! ನಂಗೆ ಕೇಳ್ತು! ನಿನ್ನ ನನ್ ಗಂಡ ಮಾಡ್ಬುಟ್ರು!"

ಹಿಂದೆ ತಿರುಗಿ ಅವರಿಗೆ, "ಇಂಕಾ ಚೆಪ್ಪಂಡಮ್ಮಾ, ಇನ್ನೂ ಹೇಳ್ರಿ" ಎಂದರು. ಆ ಹೆಂಗಸರು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೂವರೂ ಎಲೆಅಡಿಕೆ ಹಂಚಿಕೊಂಡು ಯಾರದೋ ಸೊಸೆಯ ಸಂಸಾರವನ್ನು ಬಿಡಿಸಿ ಹರಡಿದ್ದರು.

ಆಮೇಲಿನ ದಿನಗಳು... ಅವನ್ನು ಹೇಗೆ ಬರೆಯಲಿ. ಕಡಲೆಕಾಯಿ ಕಿತ್ತು ಮನೆಗೆ ಬಂದ ಕಾಲ. ಪಡಸಾಲೆಯ ತುಂಬ ಕಾಯಿ ರಾಶಿ, ಅದರ ಮಣ್ಣಿನ ವಾಸನೆ. ನಾನು ಮಂಡಿಗೆ ರಜೆ ಹಾಕಿ ಉಳಿದುಕೊಂಡಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕಾಯಿ ಬಿಡಿಸಲು ಕುಳಿತರೆ ಅತ್ತಿಗೆಯ ವಿಚಾರಣೆ ಶುರುವಾಗುತ್ತಿತ್ತು. ಇಷ್ಟು ವರ್ಷ ನಾವು ನಕ್ಕ ನಗುವನ್ನೆಲ್ಲ ಅವರು ಕೂಡಿಟ್ಟುಕೊಂಡಿದ್ದರು. ಯಾವ ದಿನ, ಯಾರು ಎಲ್ಲಿ ಕುಳಿತಿದ್ದರು, ಯಾರು ಹೊಟ್ಟೆ ಹಿಡಿದುಕೊಂಡರು, ಎಲ್ಲ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಯಾಕೆ ನಕ್ಕಿದ್ದು ಎಂಬುದೊಂದೇ ಗೊತ್ತಿರಲಿಲ್ಲ.

"ಆ ಹೂವಿನೋಳು ನಮ್ ಅಂಗ್ಡಿ ಮುಂದೆ ಬಿದ್ಲಲ್ಲ, ಆವಾಗ ನಿಮ್ಮಣ್ಣ ಏನೋ ಅಂದ್ರು. ನೀವೆಲ್ಲ ಬಿದ್ದು ಬಿದ್ದು ನಕ್ರಿ. ಏನಂದಿದ್ದು?"

ಅಣ್ಣ ತಲೆ ಕೆರೆದುಕೊಳ್ಳುತ್ತಿದ್ದ. "ಯಾವಾಗಿಂದೇ ಅದು? ನಂಗೆಲ್ಲಿ ನೆಪ್ಪೈತೆ?"

"ನೆಪ್ ಮಾಡ್ಕಳಿ. ನನ್ ಪಾಲಿನ್ ನಗು ನಂಗ್ ಕೊಡ್ರಿ."

ಅವ್ವ ಮೊದಲು ಗೊಣಗಿದಳು. ಆಮೇಲೆ ಅವಳೇ ಎಲ್ಲರಿಗಿಂತ ಹೆಚ್ಚು ಹೇಳತೊಡಗಿದಳು. ಅವಳೂ ಬೇಡದ ಮಾತಾಡಲು ಜೊತೆಯಿಲ್ಲದೆ ಇಷ್ಟು ವರ್ಷ ಇದ್ದವಳೇ ಅಲ್ಲವೇ? ಅತ್ತೆ ಸೊಸೆ ಕಾಯಿ ಬಿಡಿಸುತ್ತ ಪಿಸುಪಿಸು ಮಾತಾಡಿಕೊಂಡು ಕಿಸಕ್ಕನೆ ನಗುವುದನ್ನು ನಾನು ಆ ತಿಂಗಳಲ್ಲಿ ಮಾತ್ರ ನೋಡಿದ್ದು.

ಒಂದು ಸಲ ಅತ್ತಿಗೆ ನನ್ನನ್ನೇ ಕೇಳಿದರು. ಮದುವೆಯಾದ ವರ್ಷ ಅವರ ಅಪ್ಪ ಬೆಳುಗುಪ್ಪದಿಂದ ಬಂದು ಹೋದ ಮೇಲೆ ನಾವು ಅಂಗಳದಲ್ಲಿ ನಿಂತು ನಕ್ಕಿದ್ದು ಯಾಕೆ ಎಂದು. ನನಗೆ ಚೆನ್ನಾಗಿ ನೆನಪಿತ್ತು. ಆ ಮುದುಕ ಮಗಳ ಕಿವುಡು ಮುಚ್ಚಿಡಲು, ನಾವು ಏನು ಕೇಳಿದರೂ ಅತ್ತಿಗೆಗಿಂತ ಮೊದಲು ತಾನೇ ಉತ್ತರ ಹೇಳುತ್ತಿದ್ದುದನ್ನು ನಾನು ಅಣಕಿಸಿ ತೋರಿಸಿದ್ದೆ. ಅದಕ್ಕೆ ನಕ್ಕಿದ್ದು. ನಾನು ಆ ಕ್ಷಣಕ್ಕೆ ಇನ್ನೊಂದು ಕತೆ ಕಟ್ಟಿದೆ, ಎಮ್ಮೆಯೊಂದು ನಮ್ಮ ಚಿಕ್ಕಪ್ಪನ ಪಂಚೆ ತಿಂದದ್ದು ಎಂದೇನೋ. ಅತ್ತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸುಳ್ಳು ಹೇಳಿದರೂ ಮನೆಯೆಲ್ಲ ನಗುತ್ತದಲ್ಲ ಎಂದು ಒಳಗೇ ಸಮಾಧಾನಪಟ್ಟೆ.

ಹಾಗಿರುವಾಗ ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವ ಎಲ್ಲರಿಗೂ ಎಣ್ಣೆ ಸ್ನಾನ. ನಮ್ಮಲ್ಲಿ ಮನೆಯ ಹಿರಿಯ ಹೆಂಗಸು ಒಬ್ಬೊಬ್ಬರನ್ನೇ ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಹರಳೆಣ್ಣೆ ಒತ್ತಿ, ಎರಡೂ ಕಿವಿಗೆ ಎರಡೆರಡು ಹನಿ ಬಿಟ್ಟು, ನೂರು ವರ್ಷ ಬಾಳು ಎಂದು ಹರಸುತ್ತಾಳೆ. ಹಬ್ಬದ ದಿನ ಎಣ್ಣೆ ಮುಟ್ಟದೆ ಇರುವುದು ಸಾವಾದ ಮನೆಯವರು ಮಾತ್ರ. ಅತ್ತಿಗೆ ಮಣೆಯ ಮೇಲೆ ಕುಳಿತರು. ನೆತ್ತಿಗೆ ಎಣ್ಣೆ ಒತ್ತಿಸಿಕೊಂಡರು. ತಲೆಗೆ ನೀರು ಬೇಡ, ಕತ್ತಿನ ಕೆಳಗೆ ಹೊಯ್ದುಕೊಳ್ಳುತ್ತೇನೆ ಎಂದಾಗ ಅವ್ವ ಒಪ್ಪಿದಳು. ಅವ್ವ ಕಿವಿಯ ಕಡೆ ಕೈ ತಂದಾಗ ಅತ್ತಿಗೆ ಅಂಗೈಯಿಂದ ಎಡಗಿವಿ ಮುಚ್ಚಿಕೊಂಡರು.

"ಕಿವಿಗ್ ಬ್ಯಾಡ ಅತ್ತೆ, ಡಾಕ್ಟ್ರು ಬ್ಯಾಡ ಅಂದವ್ರೆ."

"ಹಬ್ಬದ್ ದಿನ ಬ್ಯಾಡ ಅನ್ಬಾರ್ದು ಕಣಮ್ಮ. ಮುತ್ತೈದೆ ನೀನು."

"ಬ್ಯಾಡ ಅತ್ತೆ..."

ಅವ್ವನ ಕೈ ನಿಂತಿತು. ಅವಳು ನನ್ನ ಕಡೆ ತಿರುಗಿದಳು. ಒಲೆಯ ಬೆಳಕಿನಲ್ಲಿ ಅವಳ ಕಣ್ಣು ತುಂಬಿದ್ದು ಕಂಡಿತು.

"ಹತ್ತು ವರ್ಷ ಬಿಟ್ಟೀನಿ ನಾನು ಎಣ್ಣೇನ ಈಕೆ ಕಿವಿಗೆ. ಅದೇ ವಿಷ ಆಯ್ತಾ ಹಂಗಾದ್ರೆ? ನಾನೇ ಕೆಡಿಸ್ದ್ನಾ ಈಕೆ ಕಿವಿನ? ಹೇಳ್ಲಾ ನೀನೇ. ಓದಿದೋನು ನೀನು, ಡಾಕ್ಟ್ರ ಕುಟ್ಟೆ ಕೂತ್ಕಂಡೋನು."

ಅತ್ತಿಗೆಯೂ ನನ್ನ ಕಡೆ ನೋಡಿದರು. "ನೀನೇ ಹೇಳಪ್ಪ. ನೀನು ಏನಂದ್ರೆ ಅದು."

ಅಣ್ಣ ಟವೆಲು ಸುತ್ತಿಕೊಂಡು ಚಳಿಗೆ ನಡುಗುತ್ತ ತನ್ನ ಸರದಿಗೆ ಕಾಯುತ್ತಿದ್ದ. ಬೀದಿಯಲ್ಲಿ ಆಗಲೇ ಪಟಾಕಿ ಶುರುವಾಗಿತ್ತು. ಬೇಡ ಎಂದರೆ, ಅವ್ವ ಹತ್ತು ವರ್ಷ ಪ್ರೀತಿಯಿಂದ ಮಾಡಿದ್ದೆಲ್ಲ ಕೆಡುಕು ಎಂದ ಹಾಗಾಗುತ್ತಿತ್ತು. ಹಬ್ಬ ಕೆಡುತ್ತಿತ್ತು. ಕಿವಿ ಹೇಗೂ ವಾಸಿಯಾಗಿದೆಯಲ್ಲ, ಪಿಸುಮಾತೂ ಕೇಳಿಸುತ್ತಿದೆಯಲ್ಲ ಎಂದುಕೊಂಡೆ.

"ಎರಡು ಹನಿಗೆ ಏನಾಗಾಕಿಲ್ಲ ಬಿಡು ಅತ್ಗಮ್ಮ" ಎಂದೆ.

ಅತ್ತಿಗೆ ಕೈ ತೆಗೆದು ತಲೆ ವಾಲಿಸಿದರು. ಅವ್ವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಬೇರೆ ಬಟ್ಟಲಲ್ಲಿ ಇಟ್ಟಿದ್ದಳು, ಸೊಸೆಗೆಂದೇ.

ಐದಾರು ದಿನದಲ್ಲಿ ನೋವು ಶುರುವಾಯಿತು. ಆಮೇಲೆ ಮತ್ತೆ ಕೀವು. ಒಂದು ಮಧ್ಯಾಹ್ನ ಅವ್ವ ಏನೋ ಪಿಸುಗುಟ್ಟಿದಾಗ ಅತ್ತಿಗೆ "ಆ?" ಎಂದರು. ಅವ್ವ ಇನ್ನೊಂದು ಸಲ ಹೇಳಿದಳು. ಮತ್ತೆ "ಆ?" ಎಂದರು. ಕಾಯಿ ಬಿಡಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿದೆವು.

ಹಿಂದೂಪುರಕ್ಕೆ ಕರೆದುಕೊಂಡು ಬಂದೆ. ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು. ಅತ್ತಿಗೆ ನಮ್ಮಿಬ್ಬರ ಬಾಯಿಯನ್ನು ಒಂದಾದ ಮೇಲೊಂದು ನೋಡುತ್ತ ಕುಳಿತಿದ್ದರು.

"ಪೊರೆ ಕರಗಿಹೋಗಿದೆ" ಎಂದರು ಡಾಕ್ಟರು. "ನೀರೇನಾದ್ರೂ ಹೋಯ್ತಾ?"

"ಇಲ್ಲ ಸಾರ್."

"ಎಣ್ಣೆ?"

ಆ ಮನುಷ್ಯ ನನ್ನನ್ನು ತಿಳಿದವನು ಎಂದಿದ್ದರು. ಅವರ ಮುಖ ನೋಡುತ್ತಲೇ, "ಇಲ್ಲ ಸಾರ್" ಎಂದೆ.

ಅವರು ಹಣೆಯ ಕನ್ನಡಿ ಬಿಚ್ಚಿ ಮೇಜಿನ ಮೇಲಿಟ್ಟರು. "ಎಣ್ಣೆ ಬಿದ್ದು ಕೆಟ್ಟಿದ್ರೆ ಅದು ಬೇರೆ ಮಾತು. ಒಣಗಿಸಿ ಇನ್ನೊಂದು ಸಲ ಹಾಕಬಹುದಿತ್ತು. ಏನೂ ಸೋಕದೆ ಹೀಗಾಗಿದೆ ಅಂದ್ರೆ ಇವರ ಮೂಗಿನಿಂದ ಕಿವಿಗೆ ಹೋಗೋ ಕೊಳವೆಯೇ ಸರಿಯಿಲ್ಲ ಅಂತ ಕಾಣುತ್ತೆ. ಮತ್ತೆ ಹಾಕಿದರೂ ನಿಲ್ಲಲ್ಲ. ಬಲಗಿವಿಗೂ ಕೈ ಹಾಕೋದು ಬೇಡ. ಸುಮ್ಮನೆ ನೋವು ಯಾಕೆ?"

ಆಗಲಾದರೂ ಬಾಯಿ ಬಿಡಬಹುದಿತ್ತು. ಒಂದೇ ಮಾತು. ಅವರು ಎರಡು ಬೈದು, ಔಷಧಿ ಬರೆದು, ಮುಂದಿನ ತಿಂಗಳು ಬನ್ನಿ ಎನ್ನುತ್ತಿದ್ದರು. ಅಷ್ಟೇ. ಆ ಬೈಗುಳಕ್ಕೆ ಹೆದರಿ ನಾನು ನೆಲ ನೋಡುತ್ತ ನಿಂತೆ.

ಹೊರಗೆ ಬೇವಿನ ಮರದ ಕೆಳಗೆ ಅತ್ತಿಗೆ ಕೇಳಿದರು: "ಏನಂತೆ? ಎಣ್ಣೆ ಬಿಟ್ಟಿದ್ಕಾ ಹಿಂಗಾಗಿದ್ದು?"

ನಾನು ಕೂಗಿ ಹೇಳಿದೆ, ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ. "ಎಣ್ಣೆಗಲ್ಲವಂತೆ! ನಿನ್ನ ಮೈ ಒಪ್ಪಲಿಲ್ಲವಂತೆ!"

ಅತ್ತಿಗೆ ಉಸಿರು ಬಿಟ್ಟರು. "ಸದ್ಯ... ಅತ್ತೆ ಮ್ಯಾಲೆ ಬರ್ಲಿಲ್ಲ. ಬೆಳಗಿಂದ ಅದೇ ದಿಗಿಲಾಗಿತ್ತು ಕಣಪ್ಪ. ಮುದುಕಿ ಕೊರಗಿ ಸತ್ತೇ ಹೋಗೋಳು." ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ ಮೈಯೇ ಅಂಥಾದ್ದು, ಯಾರೇನ್ ಮಾಡಕಾಯ್ತದೆ" ಎಂದರು.

ಒಂದೆರಡು ವರ್ಷದ ಮೇಲೆ ಆ ಡಾಕ್ಟರು ಹಿಂದೂಪುರಕ್ಕೆ ಬರುವುದು ನಿಂತಿತು. ಯಾರಾದರೂ ಬೇರೆ ಡಾಕ್ಟರ ಹೆಸರು ಹೇಳಿದರೆ ಅತ್ತಿಗೆಯೇ ಬೇಡ ಎನ್ನುತ್ತಿದ್ದರು. ನನ್ನ ಮೈ ಒಪ್ಪುವುದಿಲ್ಲ ಎಂದು ಎದೆಯ ಮೇಲೆ ಕೈಯಿಟ್ಟು ಹೇಳುವರು, ತಮ್ಮದೇ ಏನೋ ಅಪರಾಧವಿದ್ದ ಹಾಗೆ. ಕಾಯಿ ಬಿಡಿಸುವ ಕಾಲ ಪ್ರತಿ ವರ್ಷ ಬರುತ್ತಿತ್ತು. ಅವ್ವ ಒಂದು ಕಡೆ, ಅತ್ತಿಗೆ ಒಂದು ಕಡೆ, ನಡುವೆ ರಾಶಿ. ಕಾಯಿ ಒಡೆಯುವ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಅವ್ವ ತೀರಿಕೊಂಡಳು. ನಾನು ಮದುವೆಯಾಗಿ ಹಿಂದೂಪುರದಲ್ಲೇ ನಿಂತೆ. ಅವ್ವ ಹೋದ ಮೇಲೆ ಮುಚ್ಚಿಡಲು ನನಗೆ ಯಾವ ನೆಪವೂ ಉಳಿದಿರಲಿಲ್ಲ. ತೊಂಬತ್ತರ ದಶಕ ಇನ್ನೇನು ಮುಗಿಯುತ್ತಿತ್ತು, ಒಂದು ಬೇಸಿಗೆಯಲ್ಲಿ ಹೇಳಿಯೇ ತೀರಬೇಕೆಂದು ಕಲ್ಯಾಣದುರ್ಗಕ್ಕೆ ಹೋದೆ. ಅತ್ತಿಗೆ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಒಳಗೆ ಅವರ ಸೊಸೆ ಅಡುಗೆ ಮಾಡುತ್ತಿದ್ದಳು. ಕದದಾಚೆ ಅಂಗಡಿಯಲ್ಲಿ ಅಣ್ಣ ಕುಳಿತಿದ್ದ.

"ಅತ್ಗಮ್ಮ!" ಎಂದು ಕೂಗಿದೆ. "ಆವತ್ತು ಡಾಕ್ಟ್ರ ಹತ್ರ..."

ಅಡುಗೆಮನೆಯಿಂದ ಸೊಸೆ ಇಣುಕಿ ನೋಡಿದಳು. ಅಂಗಡಿಯಲ್ಲಿ ಅಣ್ಣನ ತಕ್ಕಡಿಯ ಸದ್ದು ನಿಂತಿತು. ಇಂಥ ಮಾತನ್ನು ಯಾರು ಕೂಗಿ ಹೇಳುತ್ತಾರೆ? ತಲೆ ತಗ್ಗಿಸಿ, ಹುಣಸೆಹಣ್ಣಿನ ಮೊರವನ್ನೇ ನೋಡುತ್ತ, ಮೆಲುದನಿಯಲ್ಲಿ ಎಲ್ಲವನ್ನೂ ಹೇಳಿದೆ. ಎಣ್ಣೆಯಿಂದಲೇ ಕೆಟ್ಟಿತೆಂದು, ಬಿಡು ಎಂದವನು ನಾನೆಂದು, ಡಾಕ್ಟರಿಗೆ ಸುಳ್ಳು ಹೇಳಿದೆನೆಂದು, ಇನ್ನೊಂದು ಸಲ ಹಾಕಬಹುದಿತ್ತೆಂದು. ಅವರಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ನನ್ನ ಬಾಯಿ ಕಾಣದಂತೆ ತಲೆ ತಗ್ಗಿಸಿದ್ದೂ ಬೇಕೆಂದೇ. ಇದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ತಲೆಯೆತ್ತಿದಾಗ ಅತ್ತಿಗೆ ಕೈಯಲ್ಲಿದ್ದ ಹಣ್ಣನ್ನು ಹಾಗೆಯೇ ಹಿಡಿದು ನನ್ನನ್ನು ನೋಡುತ್ತಿದ್ದರು.

"ಏನಂದೆ? ಜೋರಾಗ್ ಹೇಳಪ್ಪ, ಕೇಳಾಕಿಲ್ಲ."

"ಏನಿಲ್ಲ!" ಎಂದು ಕೂಗಿದೆ. "ಸಂಜೆ ಬಸ್ಸಿಗೆ ಹೋಯ್ತೀನಿ ಅಂದೆ!"

"ಅಷ್ಟ್ ಹೇಳಾಕೆ ಇಷ್ಟೊತ್ತು ಬೇಕಾಯ್ತಾ?" ಎಂದು ಅತ್ತಿಗೆ ನಕ್ಕರು. "ನಾನೇನೋ ಬೇಡದ್ ಮಾತು ಹೇಳ್ತಾವ್ನೆ ಅಂದ್ಕಂಡೆ. ಎಷ್ಟ್ ದಿನ ಆಯ್ತು ಯಾರಾನಾ ನನ್ ಮುಂದೆ ಕೂತು ಅಷ್ಟೊತ್ತು ಮಾತಾಡಿ."

ಬಸ್ಸಿನವರೆಗೂ ಬಂದು, ಪೊಟ್ಟಣದಲ್ಲಿ ಹುಣಸೆಹಣ್ಣು ಕಟ್ಟಿಕೊಟ್ಟರು. ಮುಂದಿನ ಸಲ ಒಬ್ಬನೇ ಬರಬೇಡ, ಹೆಂಡತಿಯನ್ನೂ ಕರೆದುಕೊಂಡು ಬಾ ಎಂದರು. ಮುಂದಿನ ಸಲ ನಾನು ಹೋದದ್ದು ಅವರ ಮಣ್ಣಿಗೆ.

ಅಣ್ಣನೂ ಈಗಿಲ್ಲ. ಆ ಮನೆಯಲ್ಲಿ ಮಗ ಸೊಸೆ ಇದ್ದಾರೆ. ಮಗ ಆಗ ಸಣ್ಣವನು; ಅವರಿಗೆ ಆ ಒಂದು ತಿಂಗಳ ವಿಷಯ ಏನೂ ಗೊತ್ತಿಲ್ಲ. ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ ಎಂದೇ ಮೊಮ್ಮಕ್ಕಳಿಗೆ ಹೇಳುತ್ತಾರೆ. ನಾನು ತಿದ್ದಲು ಹೋಗಿಲ್ಲ. ತಿದ್ದಬೇಕಾಗಿದ್ದದ್ದು ಅವರ ಮುಂದೆ ಅಲ್ಲ.

ಈಗ ಕೆಲವು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನಾನು ಬಾಯಿಬಿಟ್ಟು ಜೋರಾಗಿಯೇ ಹೇಳುತ್ತೇನೆ. ಅತ್ಗಮ್ಮ, ನಿನ್ನ ಮೈ ಒಪ್ಪಿತ್ತು. ಚೆನ್ನಾಗಿಯೇ ಒಪ್ಪಿತ್ತು. ಒಪ್ಪದೆ ಹೋದವನು ನಾನು... ಹೇಳಿ ಮುಗಿಸಿದ ಮೇಲೆ ಕಿವಿಗೊಡುತ್ತೇನೆ. "ಆ?" ಎಂದು ಕೇಳುವವರೂ ಇಲ್ಲ.